ಕೊಸರು ಮೀಮಾಂಸೆ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವಾಗ ಅದರ ವಿಷಯವೇನು, ಪ್ರಯೋಜನವೇನು, ಇವೆರಡಕ್ಕೂ ಇರುವ ಸಂಬಂಧವೇನು, ಅದನ್ನು ಓದತಕ್ಕ ಅಧಿಕಾರಿ ಯಾರು ಎಂಬ ನಾಲ್ಕನ್ನು ಮೊದಲೇ ತಿಳಿಸಿಬಿಡಬೇಕೆಂಬುದು ನಮ್ಮ ಹಿರಿಯರು ಹಾಕಿಕೊಟ್ಟ ಪದ್ಧತಿ. ಈ ನಾಲ್ಕಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ಅದರಂತೆ, ಪ್ರಸ್ತುತ ಪ್ರಬಂಧದ ವಿಷಯವು ಕೊಸರು; ಪ್ರಯೋಜನವು ಎರಡು ಹಸಿಮೆಣಸಿನಕಾಯಿ ಅಥವಾ ಒಂದು ಕಡ್ಡಿ ಕರಿಬೇವು; ಸಂಬಂಧವು ಕೊಳ್ಳುವವನ ಮೋರೆಯನ್ನೂ ಮಾರುವವಳ ಮನಸ್ಸನ್ನೂ ಅನುಸರಿಸಿ ಏರುಪೇರಾಗತಕ್ಕದ್ದು; ಅಧಿಕಾರಿಯು ಕೈಯಲ್ಲಿ ಚೀಲವುಳ್ಳವನು. ಚೀಲವಿಲ್ಲದವನಿಗೆ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ. ಪ್ಲಾಸ್ಟಿಕ್ ಚೀಲವುಳ್ಳವನಿಗೆ ಪ್ರವೇಶವುಂಟೋ ಇಲ್ಲವೋ ಎಂಬುದರಲ್ಲಿ ಪಂಡಿತರಲ್ಲಿಯೂ ಪಂಚಾಯಿತಿಯವರಲ್ಲಿಯೂ ಅಭಿಪ್ರಾಯಭೇದವಿದೆ.

ಲಕ್ಷಣವಿಲ್ಲದೆ ವಸ್ತುಸಿದ್ಧಿಯಿಲ್ಲ, ಆದುದರಿಂದ ಮೊದಲು ಲಕ್ಷಣ. ಕೊಂಡ ಪದಾರ್ಥಕ್ಕೆ ಮೇಲಾಗಿ, ಬೆಲೆ ತೆರದೆ ದೊರೆಯತಕ್ಕದ್ದೇ ಕೊಸರು ಎಂದು ಹೇಳಿ ಮುಗಿಸಬಹುದೆಂದು ನಾನು ಬಹುಕಾಲ ನಂಬಿದ್ದೆನು. ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷ ತಗಲುವುದೆಂಬುದನ್ನು ಒಂದು ಬದನೆಕಾಯಿ ನನಗೆ ಕಲಿಸಿತು. ಅದರೊಳಗಿನ ಹುಳುವನ್ನು ನಾನು ಕೇಳಿರಲಿಲ್ಲ, ಅದಕ್ಕೆಂದು ಬೇರೆ ದುಡ್ಡನ್ನೂ ಕೊಟ್ಟಿರಲಿಲ್ಲ. ಆದರೂ ಅದು ಮನೆಗೆ ಬಂದಿತು. ಹಾಗಾದರೆ ಹುಳುವು ಕೊಸರೇ? ಅಲ್ಲ, ಏಕೆಂದರೆ ಅದು ಬದನೆಕಾಯಿಯ ಸಂಗಡ ತಕ್ಕಡಿಯನ್ನೇರಿ, ತನ್ನ ತೂಕಕ್ಕೆ ತಕ್ಕ ಬೆಲೆಯನ್ನು ನನ್ನಿಂದ ವಸೂಲು ಮಾಡಿಕೊಂಡೇ ಬಂದದ್ದು. ಶುಂಠಿಗೆ ಅಂಟಿದ ಮಣ್ಣಿಗೂ ಇದೇ ನ್ಯಾಯ. ಸರಿ, ತೂಕವಾಗದೆ ಬಂದುದೆಲ್ಲ ಕೊಸರೆನ್ನೋಣವೆಂದರೆ, ತೆರೆದ ಚೀಲದೊಳಕ್ಕೆ ಬಿದ್ದ ಮಳೆಹನಿಯೂ ಕೊಸರಾಗಬೇಕಾದೀತು. ಆದರೆ ಇಂದ್ರನು ಸಂತೆಯಲ್ಲಿ ಅಂಗಡಿ ಹಾಕಿದವನಲ್ಲ. ಹೀಗೆ ಎಲ್ಲ ಕಡೆಯಿಂದಲೂ ಸೋಸಿದ ಮೇಲೆ ಉಳಿಯುವ ನಿರ್ದುಷ್ಟ ಲಕ್ಷಣ ಇದು: ತೂಕ ಮುಗಿದು ಬೆಲೆ ನಿಶ್ಚಿತವಾದ ನಂತರ, ಮಾರುವವರ ಕೈಯಿಂದ ಕೊಳ್ಳುವವರ ಚೀಲಕ್ಕೆ, ಲೆಕ್ಕದ ಹೊರಗಿನಿಂದ ಬೀಳುವಂಥದು ಕೊಸರು. ಇದರಲ್ಲಿ ‘ನಂತರ’ ಎಂಬ ಪದವನ್ನು ಓದುಗರು ಗಟ್ಟಿಯಾಗಿ ಹಿಡಿದುಕೊಂಡಿರಬೇಕು. ಮುಂದೆ ಅದರಿಂದ ಕೆಲಸವಿದೆ.

ಇನ್ನು ನಿರುಕ್ತಿ. ಕನ್ನಡದಲ್ಲಿ ಕೊಸರು ಎಂಬುದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಹಿಡಿದ ಕೈಯಿಂದ ಬಿಡಿಸಿಕೊಳ್ಳಲು ಮೈಯನ್ನು ತಿರುಚಿ ಎಳೆದಾಡುವುದಕ್ಕೂ ಕೊಸರುವುದೆಂದೇ ಹೆಸರು. ಈ ಎರಡೂ ಅರ್ಥಗಳು ಸಂತೆಯಲ್ಲಿ ಏಕಕಾಲಕ್ಕೆ ಘಟಿಸುವುದನ್ನು ಕಂಡವರಿಗೆ, ಇವು ಬೇರೆ ಬೇರೆ ಧಾತುಗಳೋ ಒಂದೇ ಧಾತುವೋ ಎಂಬ ವೈಯಾಕರಣರ ಜಗಳ ನಿರರ್ಥಕವೆನಿಸುವುದು: ಒಬ್ಬಳು ಕೊಸರು ಕೇಳುತ್ತಾಳೆ, ಇನ್ನೊಬ್ಬಳು ಕೊಸರಿಕೊಳ್ಳುತ್ತಾಳೆ. ತೆಲುಗರಲ್ಲಿ ಇದೇ ಮಾತು ಕೊಸರು ಎಂದೂ ತಮಿಳರಲ್ಲಿ ಕೊಸುರು ಎಂದೂ ಇರುವುದರಿಂದ, ದ್ರಾವಿಡರು ಬೇರೆ ಯಾವ ವಿಷಯದಲ್ಲಿ ಅಗಲಿದರೂ (ನೀರಿನ ವಿಷಯವನ್ನಂತೂ ಎತ್ತುವುದೇ ಬೇಡ) ತರಕಾರಿಯ ಮೇಲೆ ಎರಡು ಹೆಚ್ಚಿಗೆ ಕೇಳುವುದರಲ್ಲಿ ಒಡಹುಟ್ಟಿದವರೆಂಬುದು ಸಿದ್ಧ. ಎಲ್ಲ ಕನ್ನಡ ಪದಕ್ಕೂ ಒಂದು ಸಂಸ್ಕೃತ ಮೂಲವನ್ನು ಹುಡುಕಿಕೊಡದಿದ್ದರೆ ನಿದ್ದೆ ಬಾರದ ನನ್ನ ಮಿತ್ರರೊಬ್ಬರು ಇದನ್ನು ಬಡ್ಡಿಯೆಂಬ ಅರ್ಥವುಳ್ಳ ‘ಕುಸೀದ’ ಶಬ್ದದಿಂದ ಎಳೆದು ತಂದಿದ್ದಾರೆ. ಬಡ್ಡಿ ಕೊಡದಿದ್ದರೆ ಮನೆ ಹರಾಜಾಗುತ್ತದೆ, ಕೊಸರು ಕೊಡದಿದ್ದರೆ ಮುಖ ಮಾತ್ರ ಸಣ್ಣದಾಗುತ್ತದೆ. ಇಷ್ಟು ಅಂತರವನ್ನು ಕಾಣದ ನಿರುಕ್ತಿಯನ್ನು ನಾನು ಒಪ್ಪಲಾರೆ. ಅದಕ್ಕಿಂತ ‘ಕೋಶಾತ್ ಸರತೀತಿ ಕೊಸರಃ’, ಎಂದರೆ ಭಂಡಾರದಿಂದ ಮೆಲ್ಲಗೆ ಜಾರುವಂಥದು, ಎಂದು ನಾನೇ ಒಂದು ರಾತ್ರಿ ಕುಳಿತು ಹೊಸೆದ ವ್ಯುತ್ಪತ್ತಿ ಎಷ್ಟೋ ವಾಸಿ. ಅದು ಸುಳ್ಳೆಂಬುದೊಂದನ್ನು ಬಿಟ್ಟರೆ ಅದರಲ್ಲಿ ಬೇರಾವ ದೋಷವೂ ಇಲ್ಲ.

ದೇಶಾಂತರದ ವಿಚಾರವನ್ನೂ ಒಂದಿಷ್ಟು ಹೇಳದಿದ್ದರೆ ಪ್ರಬಂಧಕ್ಕೆ ಗೌರವ ಬಾರದು. ಅಮೆರಿಕದ ಲೂಯಿಸಿಯಾನ ಸೀಮೆಯಲ್ಲಿ, ಕೊಂಡ ಸಾಮಾನಿನ ಮೇಲೆ ಅಂಗಡಿಯವನು ಸುಮ್ಮನೆ ಕೊಡುವ ಚೂರುಪಾರನ್ನು ‘ಲಾನ್ಯಾಪ್’ ಎನ್ನುತ್ತಾರೆ. ಮಿಸಿಸಿಪಿ ನದಿಯ ಜೀವನವನ್ನು ಕುರಿತು 1883ರಲ್ಲಿ ಅಚ್ಚಾದ ತಮ್ಮ ಪುಸ್ತಕದಲ್ಲಿ ಮಾರ್ಕ್ ಟ್ವೇನ್ ಈ ಪದವನ್ನು ಮೆಚ್ಚಿ ವಿವರಿಸಿರುವರು. ಫ್ರೆಂಚರು ಅದನ್ನು ಸ್ಪ್ಯಾನಿಷರಿಂದ ಪಡೆದರು, ಸ್ಪ್ಯಾನಿಷರು ದಕ್ಷಿಣ ಅಮೆರಿಕದ ಕೆಚುವಾ ಭಾಷೆಯ ‘ಯಾಪ’ ಎಂಬ ಮಾತಿನಿಂದ ಪಡೆದರು. ಕೊಸರಿಗೆ ಇಟ್ಟ ಹೆಸರೂ ಹೀಗೆ ಮೂರು ಕೈ ದಾಟಿ ಬಿಟ್ಟಿಯಾಗಿಯೇ ದೊರೆತುದು ಗಮನಾರ್ಹ. ಈ ಯಾಪ ಎಂಬುದು, ಇನ್ನೆರಡು ಹಾಕೆಂದು ಕೈಯೊಡ್ಡಿದವನಿಗೆ ನಮ್ಮ ವ್ಯಾಪಾರಿ ಹೇಳುವ ‘ಯಾಕಪ್ಪಾ’ ಎಂಬುದರ ನಡುವಣ ಅಕ್ಷರ ಲೋಪಗೊಂಡು ಉಳಿದ ರೂಪವೆಂದು ಸಾಧಿಸಲು ನನ್ನಲ್ಲಿ ಸಾಮರ್ಥ್ಯವಿದೆ, ಸ್ಥಳವಿಲ್ಲ.

ಆದರೆ ಈ ಶಾಸ್ತ್ರಕ್ಕೆ ನಿಜವಾದ ಆಕರವು ನಮ್ಮ ಮೈಸೂರಿನಿಂದಲೇ ಹೊರಟಿತು. ಅಲ್ಲಿನ ಪ್ರಾಚ್ಯ ಪುಸ್ತಕಭಂಡಾರದ ಓಲೆಗರಿಗಳ ನಡುವೆ ಇದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಮುದ್ರಿಸಿದಾಗ, ರಾಜನೀತಿ ತಿಳಿದವರು ಅದರಲ್ಲಿ ಗೂಢಚಾರರನ್ನೂ ಸೈನ್ಯವನ್ನೂ ಷಾಡ್ಗುಣ್ಯವನ್ನೂ ಕಂಡು ಬೆರಗಾದರು. ನಾನು ಕಂಡು ಬೆರಗಾದುದು ಅದರ ಎರಡನೆಯ ಅಧಿಕರಣದಲ್ಲಿ, ತೂಕ ಅಳತೆಗಳ ಮೇಲ್ವಿಚಾರಕನಾದ ಪೌತವಾಧ್ಯಕ್ಷನ ಪ್ರಕರಣದಲ್ಲಿ. ಕಾಯಿಸಿದ ತುಪ್ಪವನ್ನು ಕೊಳ್ಳುವವನಿಗೆ ಮೂವತ್ತೆರಡರಲ್ಲಿ ಒಂದು ಪಾಲೂ, ಎಣ್ಣೆಯನ್ನು ಕೊಳ್ಳುವವನಿಗೆ ಅರವತ್ತನಾಲ್ಕರಲ್ಲಿ ಒಂದು ಪಾಲೂ ಹೆಚ್ಚಿಗೆ ಸಲ್ಲಬೇಕು, ಇದಕ್ಕೆ ತಪ್ತವ್ಯಾಜಿಯೆಂದು ಹೆಸರು. ದ್ರವಪದಾರ್ಥಗಳಿಗೆ ಐವತ್ತರಲ್ಲಿ ಒಂದು ಪಾಲು, ಅಳೆಯುವಾಗ ಸೋರಿಹೋಗುವುದರ ಸಲುವಾಗಿ, ಮಾನಸ್ರಾವ. ಎಂದರೆ, ಮಗಧ ಸಾಮ್ರಾಜ್ಯವನ್ನು ಉರುಳಿಸಿ ಕಟ್ಟಿದನೆಂದು ಪ್ರಸಿದ್ಧನಾದ ಬ್ರಾಹ್ಮಣನು, ಎಣ್ಣೆಯಂಗಡಿಯ ಮುಂದೆ ಪಾತ್ರೆ ಹಿಡಿದು ನಿಂತ ಗೃಹಸ್ಥನ ಮನಸ್ಸನ್ನು ಪೂರ್ಣವಾಗಿ ಬಲ್ಲವನಾಗಿದ್ದನು. ಈ ಒಂದು ಪುಟವನ್ನು ನಕಲು ಮಾಡಿ ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ ದಿನದಿಂದ, ತರಕಾರಿ ತರುವ ಕಾರ್ಯದಲ್ಲಿ ನನ್ನ ಆತ್ಮವಿಶ್ವಾಸವು ಯಾವ ಆಧಾರವೂ ಇಲ್ಲದೆ ವೃದ್ಧಿಯಾಯಿತು.

ಗ್ರಂಥಗಳಿಂದ ಇಷ್ಟನ್ನು ಸಿದ್ಧಪಡಿಸಿಕೊಂಡ ಮೇಲೆ, ಪ್ರತ್ಯಕ್ಷ ಪರೀಕ್ಷೆಗೆ ತಕ್ಕ ಕ್ಷೇತ್ರವಾಗಿ ಕೊಡಗಿನ ಉತ್ತರದಂಚಿನ ಶನಿವಾರಸಂತೆಯನ್ನು ಆರಿಸಿಕೊಂಡೆನು. ಇಲ್ಲಿ ಸಂತೆ ಯಾವ ದಿನವೆಂದು ಸಂಶೋಧಕನು ಯಾರನ್ನೂ ಕೇಳಬೇಕಾಗಿಲ್ಲ. ಊರಿನ ಹೆಸರೇ ಪಂಚಾಂಗ. ಇದರ ನೆರೆಯ ದೊಡ್ಡ ಊರು ಸೋಮವಾರಪೇಟೆ, ಅಲ್ಲಿ ಸೋಮವಾರದ ಸಂತೆ. ಹಾಸನ ಜಿಲ್ಲೆಗೆ ದಾಟಿದರೆ ಶುಕ್ರವಾರಸಂತೆಯೆಂಬ ಇನ್ನೊಂದು ಊರು. ಮಂಗಳವಾರದಂದು ಶನಿವಾರಸಂತೆಗೆ ಹೋದವನು ವ್ಯಾಕರಣದ ಪ್ರಕಾರ ಎಲ್ಲಿಗೆ ಹೋದಂತಾಯಿತು ಎಂಬ ಪ್ರಶ್ನೆಯನ್ನು ಭಾಷಾತತ್ತ್ವಜ್ಞರಿಗೆ ಬಿಡುತ್ತೇನೆ. ವಾಲ್ಟರ್ ಕ್ರಿಸ್ಟಾಲರ್ ಎಂಬ ಜರ್ಮನ್ ಭೂಗೋಳಶಾಸ್ತ್ರಜ್ಞರು 1933ರಲ್ಲಿ ತಮ್ಮ ದೇಶದ ದಕ್ಷಿಣ ಭಾಗದ ಊರುಗಳನ್ನು ನಕ್ಷೆಯ ಮೇಲೆ ಪರೀಕ್ಷಿಸಿ, ಪೇಟೆಗಳು ತಮ್ಮ ಸುತ್ತಣ ಹಳ್ಳಿಗಳನ್ನು ಜೇನುಗೂಡಿನ ಕೋಣೆಗಳಂತೆ ಆರು ಮೂಲೆಯ ಪ್ರದೇಶಗಳಾಗಿ ಹಂಚಿಕೊಳ್ಳುವುವೆಂದು ಸಿದ್ಧಾಂತ ಮಾಡಿದರು; 1964ರಲ್ಲಿ ಸ್ಕಿನ್ನರ್ ಎಂಬ ಅಮೆರಿಕದ ವಿದ್ವಾಂಸರು ಚೀನದ ಹಳ್ಳಿಸಂತೆಗಳಿಗೆ ಅದನ್ನು ಅನ್ವಯಿಸಿದರು. ಒಂದೇ ಊರಿನಲ್ಲಿ ವಾರವೆಲ್ಲ ಕುಳಿತರೆ ಹೊಟ್ಟೆ ತುಂಬದ ವ್ಯಾಪಾರಿಯು, ದಿನಕ್ಕೊಂದು ಊರಿನಂತೆ ಸುತ್ತಿದರೆ ತುಂಬೀತೆಂಬುದೇ ಇದರ ಮರ್ಮ. ಸೋಮವಾರ ಸೋಮವಾರಪೇಟೆ, ಶುಕ್ರವಾರ ಮಡಿಕೇರಿ, ಶನಿವಾರ ಇಲ್ಲಿ, ಭಾನುವಾರ ಗೋಣಿಕೊಪ್ಪ ಎಂದು ಸುತ್ತುವ ಬಟ್ಟೆವ್ಯಾಪಾರಿಯೊಬ್ಬನು ಸಂತೆಮಾಳದ ಬಾಗಿಲಲ್ಲಿಯೇ ದೊರೆತುದು ನನ್ನ ಭಾಗ್ಯ. “ನೀವು ತಿಳಿಯದೆಯೇ ಷಟ್ಕೋನದಲ್ಲಿ ಸಂಚರಿಸುತ್ತಿದ್ದೀರಿ” ಎಂದು ಅವನಿಗೆ ಹೇಳಿದೆನು. “ಇಲ್ಲ ಸಾರ್, ಟೆಂಪೋದಲ್ಲಿ” ಎಂದನು.

ಕಾಫಿತೋಟದ ಕೂಲಿಯವರಿಗೆ ಈ ಸೀಮೆಯಲ್ಲಿ ವಾರದ ರಜೆಯು ಭಾನುವಾರವಲ್ಲ, ಸಂತೆಯ ದಿನ. ಈ ಒಂದು ವ್ಯವಸ್ಥೆಯಿಂದ ದೇವರು ವಿಶ್ರಮಿಸಿದ ದಿನ ಯಾವುದೆಂಬ ಮತೀಯ ವಿವಾದವೂ ಮೀನು ಕೊಳ್ಳುವ ದಿನ ಯಾವುದೆಂಬ ಗೃಹವಿವಾದವೂ ಒಟ್ಟಿಗೆ ಬಗೆಹರಿದಂತಾಗಿದೆ. ಜೀಪುಗಳಿಂದಲೂ ಪಿಕಪ್ಪುಗಳಿಂದಲೂ ಜನ ಇಳಿಯುತ್ತಲೇ ಇದ್ದರು. ನಾವು, ಎಂದರೆ ನಾನು ಮತ್ತು ನಮ್ಮ ಮನೆಯವರು, ಬಸ್ಸಿಳಿದಾಗ ಹತ್ತು ಗಂಟೆ. ವೈಶಾಖದ ದಿನಗಳು, ಹಿಂದಿನ ಸಂಜೆ ಒಂದು ಹದಮಳೆ ಬಿದ್ದು ನೆಲವು ಕೆಸರೂ ಅಲ್ಲದ ಧೂಳೂ ಅಲ್ಲದ ಅನಿರ್ವಚನೀಯ ಸ್ಥಿತಿಯಲ್ಲಿತ್ತು. ನೀಲಿ ಟಾರ್ಪಾಲಿನ ಕೆಳಗೆ ಹಲಸು, ಅದರ ಪಕ್ಕದಲ್ಲಿ ಕತ್ತಿ ಕುಡುಗೋಲು, ಅದರ ಪಕ್ಕದಲ್ಲಿ ಮಕ್ಕಳ ಲಂಗ, ಅದಕ್ಕೆ ತಗುಲಿಕೊಂಡಂತೆ ಒಣಮೀನು. ಈ ವಿನ್ಯಾಸದ ಹಿಂದಿನ ತತ್ತ್ವವನ್ನು ಅರಿಯಲು ನಾನು ಮಾಡಿದ ಪ್ರಯತ್ನವು ಒಣಮೀನಿನ ಗಾಳಿ ಬೀಸಿದೊಡನೆ ಮುಕ್ತಾಯಗೊಂಡಿತು.

ಪ್ರಮಾಣಗಳ ವಿಚಾರದಲ್ಲಿ ನೈಯಾಯಿಕರು ನಾಲ್ಕನ್ನು ಒಪ್ಪುತ್ತಾರೆ, ಭಾಟ್ಟ ಮೀಮಾಂಸಕರು ಆರನ್ನು. ಸಂತೆಗೆ ಬಂದ ಹೆಂಗಸರು ಎಷ್ಟನ್ನು ಒಪ್ಪುತ್ತಾರೆಂಬುದನ್ನು ಯಾರೂ ಬರೆದಿಲ್ಲವಾದ್ದರಿಂದ ಕಂಡಷ್ಟನ್ನು ಬರೆಯುತ್ತೇನೆ. ಬೆಂಡೆಕಾಯಿಯ ತುದಿಯನ್ನು ಹೆಬ್ಬೆರಳಿನಿಂದ ಚಟಕ್ಕನೆ ಮುರಿಯುವುದು ಪ್ರತ್ಯಕ್ಷ. ಮುರಿದರೆ ಎಳೆಯದು, ಬಾಗಿದರೆ ಬಲಿತದ್ದು. ಇದರಲ್ಲಿ ಹೇತ್ವಾಭಾಸಕ್ಕೆ ಎಡೆಯಿಲ್ಲ, ಮಾರುವವನ ಬೈಗುಳಕ್ಕೆ ಎಡೆಯುಂಟು. ಸೋರೆಕಾಯಿಯ ಮೇಲೆ ಯಾರೂ ಕಾಣದಂತೆ ಉಗುರನ್ನೂರುವುದೂ ಪ್ರತ್ಯಕ್ಷವೇ. ಒಂದು ಸೋರೆಯ ಮೈಮೇಲೆ ಆ ಬೆಳಗಿನ ಪೂರ್ವಸೂರಿಗಳ ಉಗುರುಗಳು ಅರ್ಧಚಂದ್ರಾಕಾರವಾಗಿ ಹದಿನೇಳು ಕಡೆ ಮೂಡಿದ್ದುದನ್ನು ನಾನು ಎಣಿಸಿದೆನು, ಹದಿನೆಂಟನೆಯದು ನನ್ನದು. ತೆಂಗಿನಕಾಯಿಯನ್ನು ಕಿವಿಯ ಬಳಿ ಕುಲುಕಿ ನೀರಿನ ಸದ್ದಿನಿಂದ ಒಳಗಿನ ಸಾರವನ್ನು ತಿಳಿಯುವುದು ಅನುಮಾನ. “ನಮ್ ತೋಟದ್ದೇ ಅಣ್ಣ, ಔಷಧಿ ಹೊಡ್ದಿಲ್ಲ” ಎಂಬುದು ಶಬ್ದ. ಶಬ್ದವು ಪ್ರಮಾಣವಾಗಬೇಕಾದರೆ ಹೇಳಿದವನು ಆಪ್ತನಾಗಿರಬೇಕೆಂದು ಶಾಸ್ತ್ರ. ಸಂತೆಯಲ್ಲಿ ಎಲ್ಲರೂ ಅಣ್ಣ ಅಕ್ಕ ಎಂದೇ ಕರೆಯುವುದರಿಂದ ಆಪ್ತತ್ವಕ್ಕೆ ಕೊರತೆಯಿಲ್ಲ.

ಅರ್ಥಾಪತ್ತಿಯೊಂದನ್ನು ಮಾತ್ರ ಸ್ವಲ್ಪ ವಿಸ್ತರಿಸಬೇಕು. ಹಗಲಿನಲ್ಲಿ ಊಟ ಮಾಡದ ದೇವದತ್ತನು ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದು ಕಲ್ಪಿಸಿಕೊಳ್ಳಲೇಬೇಕು. ಇದು ಶಾಸ್ತ್ರಕಾರರು ಕೊಡುವ ಉದಾಹರಣೆ. ಇದನ್ನೇ ಅನುಸರಿಸಿ, ಪ್ರತಿ ಶನಿವಾರವೂ “ಅಸಲೂ ಹುಟ್ಟಲ್ಲ” ಎಂದು ಆಣೆಯಿಡುವ ವ್ಯಾಪಾರಿಯು ಮುಂದಿನ ಶನಿವಾರವೂ ಬರುತ್ತಾನೆಂದರೆ, ಅವನು ರಾತ್ರಿ ಲಾಭ ಮಾಡುತ್ತಾನೆಂದು ಕಲ್ಪಿಸಬೇಕೆಂಬುದು ಪೂರ್ವಪಕ್ಷ. ನಾನೂ ಹಾಗೆಯೇ ತಿಳಿದಿದ್ದೆನು. ಆದರೆ ಗದ್ದೆಯವರನ್ನು ವಿಚಾರಿಸಿದ ಮೇಲೆ, ಮೆಣಸಿನಕಾಯಿಯನ್ನು ಗಿಡದಲ್ಲಿ ಬಿಟ್ಟರೆ ಹಣ್ಣಾಗಿ ಕೆಡುವುದರಿಂದಲೂ ಕಿತ್ತು ಮನೆಯಲ್ಲಿಟ್ಟರೆ ಎರಡೇ ದಿನದಲ್ಲಿ ಬಾಡುವುದರಿಂದಲೂ ಅಸಲು ಹುಟ್ಟದಿದ್ದರೂ ತಂದು ಮಾರದೆ ಗತ್ಯಂತರವಿಲ್ಲವೆಂಬುದು ತಿಳಿಯಿತು. ದೇವದತ್ತನು ಬಹುಶಃ ಊದಿಕೊಂಡಿದ್ದನು.

ಈ ಸೀಮೆಯಲ್ಲಿ ಬೇಸಿಗೆಯ ದಿನಗಳಲ್ಲಿ ಗದ್ದೆಗಳಲ್ಲಿಯೇ ಹಸಿಮೆಣಸಿನಕಾಯಿ ಬೆಳೆಯುವ ರೂಢಿ ಬಹಳ. ಆದುದರಿಂದ ಆ ದಿನ ಸಂತೆಯ ಒಂದು ಭಾಗವೆಲ್ಲ ಹಸುರು ರಾಶಿಗಳು. ಬಾಳಕ ಮಾಡುವುದಕ್ಕೆ ಎರಡು ಕೆಜಿ ಬೇಕೆಂದು ಮನೆಯವರ ಆಜ್ಞೆಯಿದ್ದ ಕಾರಣ, ಕೊಸರಿನ ಪರೀಕ್ಷೆಗೂ ಅದೇ ಪದಾರ್ಥ ಗೊತ್ತಾಯಿತು. ಗೋಣಿತಾಟಿನ ಮೇಲೆ ರಾಶಿ ಹಾಕಿಕೊಂಡು, ಬಾಗಿದ ಕಡ್ಡಿಯ ಕೊಡೆಯ ಕೆಳಗೆ ಕುಳಿತಿದ್ದ ಹೆಂಗಸಿಗೆ ಐವತ್ತರ ಮೇಲಿರಬಹುದು. ಬಾಯಲ್ಲಿ ಎಲೆಯಡಿಕೆ, ಪಕ್ಕದಲ್ಲಿ ನೀರಿನ ಬಾಟಲಿ, ಅದರ ಮುಚ್ಚಳಕ್ಕೆ ಮೊಳೆಯಿಂದ ಹೊಡೆದ ಐದಾರು ತೂತು. ಆಗಾಗ ಆ ಬಾಟಲಿಯಿಂದ ರಾಶಿಯ ಮೇಲೆ ನೀರು ಚಿಮುಕಿಸುವಳು. “ಕೆಜಿ ಹೆಂಗೆ?” ಎಂದು ಮನೆಯವರು ಕೇಳಿದರು.

“ಅರವತ್ತು ಅಕ್ಕ.”

“ಹೋದ್ ವಾರ ಐವತ್ತಿತ್ತು.”

“ಹೋದ್ ವಾರ ನೀವು ಬಂದೇ ಇರ್ಲಿಲ್ವಲ್ಲಕ್ಕ.”

ಇದು ಸತ್ಯವಾಗಿತ್ತು; ಹಾಗಿದ್ದೂ ಬೆಲೆಯು ಕೆಜಿಗೆ ಎರಡು ರೂಪಾಯಿಯಷ್ಟು ಇಳಿಯಿತು. ಚೌಕಾಸಿಯಲ್ಲಿ ಸೋತ ವಾದಕ್ಕೂ ಕಿಂಚಿತ್ ಫಲವುಂಟೆಂಬುದು ತರ್ಕಶಾಸ್ತ್ರದವರು ಲಕ್ಷ್ಯವಿಟ್ಟು ನೋಡಬೇಕಾದ ಸಂಗತಿ. ಬೆಲೆ ನಿಂತಿತೆಂದು ಕಂಡೊಡನೆ ನಾನು ಮುಂದೆ ಬಾಗಿ, ಜೇಬಿನ ಕಾಗದವನ್ನು ತೆಗೆದು, ಅಳೆದು ಕೊಡುವ ಪದಾರ್ಥಕ್ಕೆ ಐವತ್ತರಲ್ಲಿ ಒಂದು ಪಾಲು, ಎಂದರೆ ಎರಡು ಕೆಜಿಗೆ 40 ಗ್ರಾಂ, ಮೇಲೆ ಕೊಡತಕ್ಕದ್ದೆಂದು ಕೌಟಿಲ್ಯರು ವಿಧಿಸಿರುವರೆಂಬುದನ್ನು ವಿನಯದಿಂದ ತಿಳಿಸಿದೆನು. ಆ ವಿಧಿಯು ದ್ರವಕ್ಕೆ ಮಾತ್ರ ಸಲ್ಲುವುದೆಂಬುದನ್ನು ಮುಚ್ಚಿಟ್ಟಿದ್ದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಕೇಳಿದರೆ, ನೀರು ಚಿಮುಕಿಸಿದ ಮೆಣಸಿನಕಾಯಿಯು ಅಂಶತಃ ದ್ರವವೇ ಎಂಬ ಸಮಾಧಾನವನ್ನು ಸಿದ್ಧವಾಗಿಟ್ಟುಕೊಂಡಿದ್ದೆನು. ಆಕೆ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, “ಯಾರು ಮೇಷ್ಟ್ರೆ ಅವ್ರು, ಪಂಚಾಯ್ತಿಯವ್ರಾ? ಸುಂಕ ಬೆಳಗ್ಗೇನೇ ಕಟ್ಟಾಗೈತೆ” ಎಂದು ಸೆರಗಿನ ಗಂಟು ಬಿಚ್ಚಿ ರಸೀತಿ ತೋರಿಸಿದಳು. ಮೌರ್ಯರ ಅಧಿಕಾರಿಯನ್ನು ಸುಂಕದ ಗುತ್ತಿಗೆದಾರನೆಂದು ತಿಳಿದುದು ಅಜ್ಞಾನವೋ ಐತಿಹಾಸಿಕ ಒಳನೋಟವೋ ನಿರ್ಣಯಿಸಲಾರೆ.

ಈಗ ನಡೆದುದನ್ನು ಓದುಗರು ಹತ್ತಿರದಿಂದ ನೋಡಬೇಕು. ಆಕೆಯ ಮುಂದೆ ಇದ್ದುದು ಹಳೆಯ ತಕ್ಕಡಿಯಲ್ಲ, ಕೆಂಪು ಅಂಕೆಗಳು ಮಿನುಗುವ ಎಲೆಕ್ಟ್ರಾನಿಕ್ ಯಂತ್ರ. ತಕ್ಕಡಿಯ ಕಾಲದಲ್ಲಿ ತಟ್ಟೆಯು ಕೊಳ್ಳುವವನ ಕಡೆಗೆ ಕೊಂಚ ಇಳಿದು ನಿಂತರೆ, ಆ ಇಳಿವನ್ನು ಕಣ್ಣಾರೆ ಕಂಡು ಅವನು ಸಂತುಷ್ಟನಾಗುತ್ತಿದ್ದನು. ಸೇರು ಹೋಗಿ ಕೆಜಿ ಬಂದಾಗಲೂ (1956ರ ಕಾನೂನು, 1958ರ ಅಕ್ಟೋಬರಿನಿಂದ ಜಾರಿ) ಆ ಇಳಿವು ಹೋಗಿರಲಿಲ್ಲ. ಹಳೆಯ ಪಾವು ಸೇರಿನಲ್ಲಿ ಧಾನ್ಯ ಅಳೆಯುವವರಂತೂ ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎಂದೇ ಎಣಿಸುತ್ತಿದ್ದರು, ಯಾರ ಲಾಭವೆಂದು ಹೇಳುತ್ತಿರಲಿಲ್ಲ. ಯಂತ್ರಕ್ಕೆ ಬಾಗುವುದು ಗೊತ್ತಿಲ್ಲ. ಎರಡು ಕೆಜಿಯಾಗುವಷ್ಟು ಸುರಿದಾಗ ಅದು 2.005 ಎಂದು ತೋರಿಸಿತು. ಆಕೆ ಅದನ್ನು ದಿಟ್ಟಿಸಿ ನೋಡಿ, ರಾಶಿಯ ಮೇಲಿಂದ ಒಂದು ಮೆಣಸಿನಕಾಯಿಯನ್ನು ತೆಗೆದಳು, 2.002. ಇನ್ನೊಂದು ಸಣ್ಣದನ್ನು ತೆಗೆದಳು, ಸರಿಯಾಗಿ ಎರಡು. ನನ್ನ ಮನಸ್ಸು ಕಹಿಯಾಯಿತು. ಕಲಿಯುಗವೆಂದರೆ ಇದೇ ಎಂದು ಒಂದು ವಾಕ್ಯವನ್ನೂ ಮನಸ್ಸಿನಲ್ಲಿ ಕಟ್ಟಿದೆನು. ಆಕೆ ಚೀಲಕ್ಕೆ ಸುರಿದಳು, ಕೈ ಒರೆಸಿಕೊಂಡಳು, ದುಡ್ಡಿಗೆ ಕೈಚಾಚಿದಳು.

ಕೊಡೆಯ ಕಡ್ಡಿಗೆ ಕಪ್ಪುಬಿಳಿ ಚೌಕುಳಿಯ ಚಿತ್ರವೊಂದು ನೇತಾಡುತ್ತಿತ್ತು. 2016ರಿಂದ ಈಚೆಗೆ ದೇಶವೆಲ್ಲ ಹಬ್ಬಿದ ಈ ಚಿತ್ರಕ್ಕೆ ಫೋನನ್ನು ಹಿಡಿದರೆ 116 ರೂಪಾಯಿಯು ಒಂದು ಪೈಸೆ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಸಂದಾಯವಾಗುವುದು. ಚಿಲ್ಲರೆಯ ಮರಣವು ಇಲ್ಲಿಯೇ ಸಂಭವಿಸಿದ್ದು. ಆದರೆ ನೆಟ್‌ವರ್ಕ್ ಎಂಬ ದೇವತೆಯು ಆ ಗಳಿಗೆಯಲ್ಲಿ ಪ್ರಸನ್ನಳಾಗಿರಲಿಲ್ಲ. ನೂರರ ಒಂದು, ಇಪ್ಪತ್ತರ ಒಂದು ನೋಟು ಕೊಟ್ಟೆನು. ನಾಲ್ಕು ರೂಪಾಯಿ ಚಿಲ್ಲರೆ ಇರಲಿಲ್ಲವಾಗಿ ಆಕೆ ಒಂದು ಹಿಡಿ ಕರಿಬೇವನ್ನು ಚೀಲಕ್ಕೆ ಹಾಕಿದಳು. ನನ್ನ ಪಾಂಡಿತ್ಯವು ಎಚ್ಚೆತ್ತು, ಇದು ಕೊಸರೋ ಕ್ರಯವೋ ಎಂಬ ಸಂಶಯವನ್ನು ಎತ್ತಿತು. ಕೇಳದೆ ಬಂದದ್ದರಿಂದ ಕೊಸರು. ನಾಲ್ಕು ರೂಪಾಯಿಗೆ ಬದಲಾಗಿ ಬಂದದ್ದರಿಂದ ಕ್ರಯ. ಆದರೆ ನಾಲ್ಕು ರೂಪಾಯಿಗೆ ಆ ಸಂತೆಯಲ್ಲಿ ಅಷ್ಟೊಂದು ಕರಿಬೇವು ಯಾರೂ ಕೊಡರಾದ್ದರಿಂದ ಅರ್ಧ ಕ್ರಯ, ಅರ್ಧ ಕೊಸರು. ಎಸಳುಗಳನ್ನು ಎಣಿಸಿ ಯಾವುದು ಯಾವ ಅರ್ಧಕ್ಕೆ ಸೇರುವುದೆಂದು ವಿಂಗಡಿಸುವುದರಲ್ಲಿದ್ದೆನು.

ಅಷ್ಟರಲ್ಲಿ ಮನೆಯವರು ಕೊಡೆಯ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದರು. ಗೋಣಿತಾಟಿನ ಆಚೆಯ ಬುಟ್ಟಿಯಲ್ಲಿ ಹಳೆಯ ಸೀರೆಯಲ್ಲಿ ಸುತ್ತಿ ಮಲಗಿಸಿದ ಕೂಸೊಂದಿದ್ದುದನ್ನು ಅವರು ಕಂಡದ್ದು, ನಾನು ಕಾಣದಿದ್ದುದು. “ಮೊಮ್ಮಗುವಾ? ಎಷ್ಟು ತಿಂಗ್ಳು?” “ನಾಕಕ್ಕ. ಮಗ್ಳದ್ದು. ಅವ್ಳು ಆಚೆ ಕಡೆ ಟೊಮೇಟೊ ಇಟ್ಕಂಡವ್ಳೆ.” “ಬಿಸ್ಲಾಗ್ದಂಗೆ ನೋಡ್ಕಳಮ್ಮ.” “ಇನ್ನೇನ್ ಮಾಡದಕ್ಕ, ಮನೇಲಿ ಬಿಟ್ಬರಕ್ಕೆ ಯಾರವ್ರೆ?” ಇಷ್ಟೇ. ಇದರಲ್ಲಿ ಹೇತುವಿಲ್ಲ, ಉದಾಹರಣೆಯಿಲ್ಲ, ನಿಗಮನವಿಲ್ಲ. ಕೇಳಿಕೆಯಂತೂ ಇಲ್ಲವೇ ಇಲ್ಲ. ಮನೆಯವರು ಮೊಣಕಾಲಿಗೆ ಕೈಯೂರಿ ಎದ್ದುನಿಂತಾಗ, ಆಕೆಯ ಬಲಗೈ ರಾಶಿಯೊಳಕ್ಕೆ ಹೋಗಿ ಬೊಗಸೆಗಿಂತ ಸ್ವಲ್ಪವೇ ಕಡಿಮೆಯಷ್ಟು ಮೆಣಸಿನಕಾಯಿಯನ್ನು ಎತ್ತಿ ನಮ್ಮ ಚೀಲಕ್ಕೆ ಹಾಕಿತು. ಯಂತ್ರದ ಮೇಲಿನಿಂದ ಎರಡು ಮೆಣಸಿನಕಾಯಿಯನ್ನು ತೆಗೆದುದೂ ಅದೇ ಕೈ.

ಇದನ್ನು ಕಂಡ ಮೇಲೆ ‘ನಂತರ’ ಎಂಬ ಪದದ ಪೂರ್ಣಾರ್ಥ ನನಗೆ ಹೊಳೆಯಿತು. ಆ ಎರಡನ್ನು ತಟ್ಟೆಯಲ್ಲಿಯೇ ಬಿಟ್ಟಿದ್ದರೆ ಅವು ತೂಕವಾಗುತ್ತಿದ್ದುವು. ತೂಕವಾದದ್ದಕ್ಕೆ ಬೆಲೆಯಿದೆ, ಬೆಲೆಯಿದ್ದುದನ್ನು ಕೊಟ್ಟರೆ ಕೊಟ್ಟಂತಾಗದು, ಲೆಕ್ಕದಲ್ಲಿ ತಪ್ಪಿದಂತಾಗುವುದು. ಕೊಡುವುದಕ್ಕೆ ಮೊದಲು ಲೆಕ್ಕವನ್ನು ಮುಗಿಸಿ, ಸಾಲ ತೀರಿಸಿ, ಕೈ ಒರೆಸಿಕೊಂಡಿರಬೇಕು. ಕೌಟಿಲ್ಯನು ಎಡವಿದ್ದು ಇಲ್ಲಿಯೇ: ಐವತ್ತರಲ್ಲಿ ಒಂದೆಂದು ಗೊತ್ತುಮಾಡಿದೊಡನೆ ಕೊಸರು ಸತ್ತು ತೆರಿಗೆಯ ತಮ್ಮನಾಗಿ ಹುಟ್ಟುತ್ತದೆ. ಈ ಸಿದ್ಧಾಂತವನ್ನು ಅಲ್ಲಿಯೇ ನಿಂತು ಮನೆಯವರಿಗೆ ವಿವರಿಸಲು ಆರಂಭಿಸಿದೆನು. ಅವರು ಚೀಲವನ್ನು ನನ್ನ ಕೈಗೆ ಕೊಟ್ಟು ಪುರಿಯಂಗಡಿಯ ಕಡೆಗೆ ನಡೆದರು.

ಪುರಿಯಂಗಡಿಯಲ್ಲಿ ಕಂಡ ಒಂದು ಪ್ರಭೇದವನ್ನು ಸೇರಿಸದಿದ್ದರೆ ಪ್ರಬಂಧವು ಅಪೂರ್ಣವಾದೀತು. ಅಲ್ಲಿ ಕಡ್ಲೆಪುರಿಯನ್ನು ಇನ್ನೂ ಸೇರಿನಲ್ಲಿಯೇ ಅಳೆಯುವರು. ತಂದೆಯೊಬ್ಬನು ಎರಡು ಸೇರು ಕೊಂಡು ಪೊಟ್ಟಣ ಕಟ್ಟಿಸುತ್ತಿರಲು, ಅವನ ಪಂಚೆಯನ್ನು ಹಿಡಿದು ನಿಂತಿದ್ದ ಹುಡುಗನು ಏನನ್ನೂ ಹೇಳದೆ ಬಲಗೈಯನ್ನು ಮಾತ್ರ ಮೇಲಕ್ಕೆತ್ತಿ ಅಂಗೈಯನ್ನು ಬಿಚ್ಚಿದನು. ಅಂಗಡಿಯವನೂ ಅವನನ್ನು ನೋಡಲಿಲ್ಲ. ಪೊಟ್ಟಣಕ್ಕೆ ದಾರ ಸುತ್ತುತ್ತಲೇ ಒಂದು ಹಿಡಿ ಪುರಿಯನ್ನು ಆ ಅಂಗೈಗೆ ಸುರಿದು, ಮೇಲೊಂದು ತುಂಡು ಬೆಲ್ಲವನ್ನಿಟ್ಟನು. ಕೈಯಲ್ಲಿ ಹಿಡಿಯದೆ ಚೆಲ್ಲಿದ ಪುರಿಯೇ ಅರ್ಧ. ಹುಡುಗನು ಬಗ್ಗಿ ಅದನ್ನೂ ಆಯ್ದುಕೊಂಡನು. ಇದಕ್ಕೆ ಶಾಸ್ತ್ರದಲ್ಲಿ ಹೆಸರಿಲ್ಲ, ನಾನೂ ಇಡಲಿಲ್ಲ. ಹೂವಿನವಳ ಮೊಳವನ್ನು ಕುರಿತು, ಗಿಡ್ಡ ಕೈಯವಳು ಹಾಕುವ ಒಂದು ಗೇಣು ಕೊಸರು ಉದ್ದ ಕೈಯವಳ ಬರಿಯ ಮೊಳಕ್ಕೆ ಸಮವೇ ಎಂಬ ಗಣಿತವಿಚಾರವೊಂದುಂಟು. ಬಸ್ಸಿನ ಹೊತ್ತಾದ್ದರಿಂದ ಅದನ್ನು ಬಿಟ್ಟೆನು.

ಮನೆಗೆ ಬಂದ ರಾತ್ರಿ, ಮೆಣಸಿನಕಾಯಿಯನ್ನು ಅಡಿಗೆಮನೆಯ ಪುಟ್ಟ ತೂಕದ ಯಂತ್ರದಲ್ಲಿ ನಾಲ್ಕು ಸಲವಾಗಿ ತೂಗಿ ಕೂಡಿಸಿದಾಗ 2 ಕೆಜಿ 130 ಗ್ರಾಂ ಬಂದಿತು. ಇದರಲ್ಲಿ ಚಿಮುಕಿಸಿದ ನೀರು ಎಷ್ಟು? ಅದು ಮಾರುವವಳು ಮುಗಿಲಿನಿಂದಲೋ ನಲ್ಲಿಯಿಂದಲೋ ತಾನು ಪಡೆದು ನಮಗೆ ಮಾರಿದ ಕೊಸರು. ಅದನ್ನು ಕಳೆದಲ್ಲದೆ ನಮ್ಮ ಕೊಸರಿನ ಶುದ್ಧ ಪರಿಮಾಣ ತಿಳಿಯದು. ಆದುದರಿಂದ ರಾತ್ರಿಯೆಲ್ಲ ಗಾಳಿಗೆ ಹರಡಿಟ್ಟು, ಬೆಳಗ್ಗೆ ಮತ್ತೆ ತೂಗಿ, ವ್ಯತ್ಯಾಸವನ್ನು ದಶಾಂಶ ಸಹಿತವಾಗಿ ಇಲ್ಲಿ ನಮೂದಿಸುವುದೆಂದು ನಿಶ್ಚಯಿಸಿ, ಚಾಪೆಯ ಮೇಲೆ ಹರಡಿ, ಯಾರೂ ಮುಟ್ಟಬಾರದೆಂದು ಒಂದು ಚೀಟಿಯನ್ನೂ ಬರೆದಿಟ್ಟು ಮಲಗಿದೆನು.

ಬೆಳಗ್ಗೆ ಎದ್ದಾಗ ಚಾಪೆಯ ಮೇಲೆ ಚೀಟಿ ಮಾತ್ರ ಇತ್ತು. ಬಿಸಿಲು ಏರುವುದರೊಳಗೆ ಸೀಳಿ ನೆನೆಹಾಕದಿದ್ದರೆ ಬಾಳಕವು ಮಳೆಗಾಲದೊಳಗೆ ಒಣಗುವುದಿಲ್ಲವೆಂದು ಮನೆಯವರು ಐದು ಗಂಟೆಗೇ ಎದ್ದು ಕೆಲಸ ಮುಗಿಸಿದ್ದರು. “ತೂಕ ಹಾಕ್ಬೇಕಿತ್ತಾ? ಈಗ ಹಾಕಿ” ಎಂದು ಜಾಡಿಯನ್ನೇ ತಂದು ನನ್ನ ಮುಂದಿಟ್ಟರು. ಉಪ್ಪು ಮಜ್ಜಿಗೆಯಲ್ಲಿ ಮೆಣಸಿನಕಾಯಿಗಳು ಹೊಟ್ಟೆ ಸೀಳಿಕೊಂಡು ತೇಲುತ್ತಿದ್ದುವು. ಕ್ರಯದವು ಯಾವುವು, ಕೊಸರಿನವು ಯಾವುವು ಎಂದು ಹೇಳುವಂತಿರಲಿಲ್ಲ. ಎಲ್ಲವೂ ದ್ರವದಲ್ಲಿದ್ದುದರಿಂದ ಐವತ್ತರಲ್ಲಿ ಒಂದು ಪಾಲಿನ ವಿಧಿ ಈಗ ಅವಕ್ಕೆ ನಿಸ್ಸಂದೇಹವಾಗಿ ಅನ್ವಯಿಸುತ್ತಿದ್ದಿತು. ಕೇಳೋಣವೆಂದರೆ ಮಾರಿದವಳು ಅಲ್ಲಿರಲಿಲ್ಲ.